ಮಹಡಿ ಕೋಣೆಯ ನರ್ಸೂ ಬ್ರೋಕರ್ ಅಕ್ಕನೂ

ಆ ಬೀದಿಯಲ್ಲಿ ಯಾವ ಮನೆ ಖಾಲಿಯಾದರೂ ಮೊದಲು ತಿಳಿಯುವುದು ಬ್ರೋಕರ್ ಅಕ್ಕನಿಗೆ. ಒಮ್ಮೊಮ್ಮೆ ಓನರ್‌ಗಿಂತ ಮೊದಲೇ ತಿಳಿಯುತ್ತದೆ. ನಾಲ್ಕಾರು ಹೆಂಚಿನ ಮನೆಗಳಿದ್ದ ಬೀದಿ ಅವಳ ಕಣ್ಣೆದುರೇ ಮಹಡಿ ಮೇಲೆ ಮಹಡಿ ಹೊತ್ತು ನಿಂತಿತ್ತು. ಈಗ ಒಂದೊಂದು ಮಹಡಿಗೆ ಒಂದೊಂದು ಭಾಷೆ. ಕೆಳಗೆ ಬಡಗಿಯ ಸಂಸಾರ, ಮೇಲೆ ಬ್ಯಾಂಕಿನ ಹುಡುಗಿಯರು, ಅದರ ಮೇಲೆ ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಲಗುವ ಹೋಟೆಲ್ ಅಡುಗೆಯವರು. ಇವರಲ್ಲಿ ಮುಕ್ಕಾಲು ಪಾಲು ಜನರನ್ನು ಗಂಟುಮೂಟೆ ಸಮೇತ ತಂದು ಕೂರಿಸಿದವಳು ಅವಳೇ.

ಬಾಡಿಗೆಗೆ ಮನೆ ಕೇಳಿ ಬಂದವರ ಜನ್ಮ ಜಾಲಾಡುವುದು ಓನರ್‌ಗಳಿಗೆ ಅಭ್ಯಾಸ. ಏನು ತಿಂತೀರಿ, ಯಾರು ಬಂದು ಹೋಗ್ತಾರೆ, ಎಷ್ಟು ಹೊತ್ತಿಗೆ ಮನೆ ಸೇರ್ತೀರಿ, ಮದುವೆ ಯಾಕಾಗಿಲ್ಲ. ಅಕ್ಕ ಅದನ್ನೆಲ್ಲ ಕೇಳಿಸಿಕೊಳ್ಳುವಳು. ಅವರ ಸರದಿ ಮುಗಿದ ಮೇಲೆ ಕುರ್ಚಿ ಮುಂದಕ್ಕೆಳೆದು, ಬಾಡಿಗೆಗೆ ಬಂದವರ ಎದುರಿನಲ್ಲೇ ಓನರ್‌ಗೆ ಶುರುಮಾಡುವಳು.

"ಸರಿ, ಈಗ ನಿಮ್ಮ ಕಥೆ ಹೇಳಿ. ಹಿಂದೆ ಇದ್ದವರು ಯಾಕೆ ಬಿಟ್ಟು ಹೋದ್ರು? ನೀರು ನಿಂತ್ರೆ ಫೋನ್ ಎತ್ತುತ್ತೀರಾ? ಅಡ್ವಾನ್ಸ್ ವಾಪಸ್ ಕೊಡೋವಾಗ ಗೋಡೇಲಿ ಮೊಳೆ ಹುಡುಕ್ತೀರಾ?"

ಕೆಲವರು ನಗುತ್ತಿದ್ದರು, ಕೆಲವರು ಬಾಗಿಲು ತೋರಿಸುತ್ತಿದ್ದರು. ಬಾಗಿಲು ತೋರಿಸಿದವರ ಮನೆಗೆ ಆಮೇಲೆ ಅವಳು ಜಪ್ಪಯ್ಯ ಅಂದರೂ ಜನ ತರುತ್ತಿರಲಿಲ್ಲ. ಇಂಥ ಬ್ರೋಕರ್ ಉದ್ಧಾರವಾದ ಹಾಗೇ ಎಂದು ಉಳಿದ ಬ್ರೋಕರ್‌ಗಳು ಆಡಿಕೊಳ್ಳುವರು. ಉದ್ಧಾರವಂತೂ ಆಗಿರಲಿಲ್ಲ. ಚಪ್ಪಲಿ ಸವೆಸಿಕೊಂಡು ಬದುಕಿದ್ದಳು.

ಇದು ವ್ಯಾಪಾರದ ಚಾಲಾಕಿತನವಲ್ಲ, ಹಳೆಯ ಸಿಟ್ಟು. ಗಂಡ ಬಿಟ್ಟುಹೋದ ವರ್ಷ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಈ ಸುತ್ತಮುತ್ತಲಿನ ಬಾಗಿಲುಗಳನ್ನೆಲ್ಲ ತಟ್ಟಿದ್ದಳು. "ಯಜಮಾನರೆಲ್ಲಿ?" ಎಂದು ಕೇಳಿದ ಕಡೆಯೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೇಡವೆನ್ನಿಸಿಕೊಂಡು ಮೆಟ್ಟಿಲಿಳಿದಿದ್ದಳು. ಕೊನೆಗೆ ಟೈಲರ್ ಅಂಗಡಿಯ ಹಿಂದಿನ, ಕಿಟಕಿಯಿಲ್ಲದ ಗೋದಾಮಿನಲ್ಲಿ ಮಗಳನ್ನು ಬೆಳೆಸಿದಳು. ಆ ಅವಮಾನ ಇವತ್ತಿಗೂ ಆರಿಲ್ಲ. ಆರಬಾರದು ಎಂಬುದೇ ಅವಳ ಹಟ.

ನಿವೃತ್ತ ಮೇಷ್ಟ್ರ ಮಹಡಿ ಕೋಣೆಗೆ ಅವಳು ಒಬ್ಬ ನರ್ಸನ್ನು ತಂದಳು. ಒಂಟಿ ಹೆಣ್ಣು, ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿ. ಬೀದಿ ಊಟ ಮುಗಿಸುವಾಗ ಹೊರಡುವಳು, ಹಾಲಿನವನು ಗಂಟೆ ಬಾರಿಸುವ ಹೊತ್ತಿಗೆ ಬರುವಳು. ಆಸ್ಪತ್ರೆಯ ಜೀಪು ತಂದು ಬಿಡುತ್ತಿತ್ತು, ಡ್ರೈವರ್ ದಿನಕ್ಕೊಬ್ಬ. ಮೂಗು ತೂರಿಸುವವರಿಗೆ ಅಷ್ಟು ಸಾಕಾಯಿತು. ಬೀದಿಯ ಸಂಘದ ಅಧ್ಯಕ್ಷರು ಅಕ್ಕನನ್ನು ತಮ್ಮ ಹಾರ್ಡ್‌ವೇರ್ ಅಂಗಡಿಗೆ ಕರೆಸಿದರು.

"ನೋಡಮ್ಮ, ಬೀದಿ ಬೆಳೀತಾ ಇದೆ. ಮರ್ಯಾದಸ್ಥರು ಬರೋ ಕಾಲ. ಆ ಹುಡುಗೀನ ಖಾಲಿ ಮಾಡ್ಸು. ಇನ್ಮೇಲೆ ಫ್ಯಾಮಿಲಿಗಳನ್ನ ಮಾತ್ರ ಕರ್ಕೊಂಡು ಬಾ. ಮೂಲೇಲಿ ನಾನು ಕಟ್ಟಿಸ್ತಿರೋ ಬಿಲ್ಡಿಂಗ್ ಪೂರ್ತಿ ನಿನ್ನ ಕೈಗೇ ಕೊಡ್ತೀನಿ."

"ಇಲ್ಲಾಂದ್ರೆ?"

"ಈ ಬೀದೀಲಿ ನಿಂಗೆ ಒಂದು ಮನೇನೂ ಸಿಗಲ್ಲ. ಎಲ್ಲರ ಹತ್ರನೂ ಮಾತಾಡಿದೀನಿ."

ಅಕ್ಕನಿಗೆ ಹೆದರಿಕೆಯಾಯಿತು. ಬೀದಿ ಕೈಬಿಟ್ಟರೆ ಹೊಟ್ಟೆಪಾಡು ಹೋದಂತೆಯೇ. ಮೊಣಕಾಲು ಬೇರೆ ಮೊದಲಿನ ಹಾಗಿರಲಿಲ್ಲ, ಹೊಸ ಬೀದಿ ಹುಡುಕಿಕೊಂಡು ಅಲೆಯುವ ಶಕ್ತಿಯೂ ಇರಲಿಲ್ಲ.

"ಅವಸರ ಇಲ್ಲ, ಯೋಚನೆ ಮಾಡಿ ಹೇಳು," ಎಂದರು ಅಧ್ಯಕ್ಷರು.

"ಮಾಡಾಯ್ತು. ಆಗಲ್ಲ," ಎಂದು ಎದ್ದು ಬಂದಳು.

ಸುದ್ದಿ ತಿಳಿದ ನರ್ಸು ಬಟ್ಟೆ ಮಡಿಸತೊಡಗಿದ್ದಳು. "ನನ್ನಿಂದ ನಿಮ್ಮ ಅನ್ನಕ್ಕೆ ಕಲ್ಲು ಬೀಳೋದು ಬೇಡ ಅಕ್ಕಾ. ನಾನೇ ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ? ಅಲ್ಲೂ ಒಬ್ಬ ಅಧ್ಯಕ್ಷ ಇರ್ತಾನೆ." ಅಕ್ಕ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡಳು. "ಕಣ್ಣು ನೋಡು, ಕೆಂಡ ಆಗಿದೆ. ಮೊದಲು ಮಲಗು."

ಮೇಷ್ಟ್ರು ಕೆಟ್ಟವರಲ್ಲ, ಪುಕ್ಕಲು. "ನಾಳೆ ಸಂಘದವರೆಲ್ಲ ಸೇರಿ ಬರ್ತಾರಂತಮ್ಮ. ನಾನು ಏನು ಹೇಳ್ಲಿ?" ಎಂದು ಕೈ ಕೈ ಹೊಸಕಿಕೊಂಡರು.

"ನೀವೇನೂ ಹೇಳ್ಬೇಡಿ. ಒಳಗೆ ಪೇಪರ್ ಓದ್ಕೊಂಡಿರಿ."

ಮರುದಿನ ಮಟಮಟ ಮಧ್ಯಾಹ್ನ ಅಧ್ಯಕ್ಷರು ಇಸ್ತ್ರಿ ಅಂಗಿ ತೊಟ್ಟು, ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಾಗ, ಮಹಡಿ ಮೆಟ್ಟಿಲಿನ ಬುಡದಲ್ಲಿ ಅಕ್ಕ ತಟ್ಟೆ ಇಟ್ಟುಕೊಂಡು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಅಡ್ಡಡ್ಡ ಕೂತಿದ್ದರಿಂದ ದಾಟಿ ಹೋಗಲು ಜಾಗವಿರಲಿಲ್ಲ. ಹಿಂದೆ ನಿಂತವರಲ್ಲಿ ಇಬ್ಬರಿಗೆ ಮನೆ ಕೊಡಿಸಿದವಳು ಅವಳೇ. ಅದಕ್ಕೆ ಮೊದಲು ಯಾವ ಓನರ್ ಅವರನ್ನು ಏನೆಂದು ಬೈದು ಕಳಿಸಿದ್ದ ಎಂಬುದು ಅವಳ ನಾಲಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಅವರು ಅಲ್ಲೇ ಕುಗ್ಗಿಹೋಗುತ್ತಿದ್ದರು. ಆದರೆ ಒಬ್ಬರನ್ನು ಉಳಿಸಲು ಇನ್ನೊಬ್ಬರ ಮಾನ ಕಳೆಯುವುದು ಅವಳಿಂದಾಗದು. ನುಂಗಿಕೊಂಡಳು.

"ಏಳಮ್ಮ, ಮೇಲೆ ಹೋಗ್ಬೇಕು," ಎಂದರು ಅಧ್ಯಕ್ಷರು.

"ಮಲಗಿದಾಳೆ."

"ನಡು ಹಗಲಲ್ಲಿ ಮಲಗೋದು. ಇದನ್ನೇ ನಾವು ಹೇಳ್ತಿರೋದು."

"ನಾನೂ ಅದನ್ನೇ ಹೇಳ್ತಿರೋದು. ಸ್ವಲ್ಪ ಮೆಲ್ಲಗೆ ಮಾತಾಡಿ."

"ಎಬ್ಬಿಸು ಅವಳನ್ನ."

"ಎಬ್ಬಿಸಲ್ಲ."

ಒಬ್ಬಾತ ಪಕ್ಕದಿಂದ ನುಸುಳಲು ಕಾಲು ಮುಂದಿಟ್ಟ. ಆಗ ಬಾಗಿಲಲ್ಲಿ ಮೇಷ್ಟ್ರು ಕಾಣಿಸಿಕೊಂಡರು. ಪೇಪರು ಇನ್ನೂ ಕೈಯಲ್ಲೇ ಇತ್ತು.

"ಮೆಟ್ಟಿಲು ನಂದು," ಎಂದರು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದರು. "ಈ ಮೆಟ್ಟಿಲು ನಂದು. ಅವರು ಕೂತಿರ್ಲಿ."

ಮುಂದಿಟ್ಟ ಕಾಲು ಹಿಂದೆ ಹೋಯಿತು. ಅಕ್ಕ ಮೇಷ್ಟ್ರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು, ಅದನ್ನು ಇವರಿಗೆ ತೋರಿಸುವ ಮನಸ್ಸಿರಲಿಲ್ಲ. ಇನ್ನೊಂದು ಹುರುಳಿಕಾಯಿ ಕೈಗೆತ್ತಿಕೊಂಡಳು.

ಅಧ್ಯಕ್ಷರಿಗೆ ಮುಖಭಂಗವಾಗಿತ್ತು. ಹಾಗೇ ವಾಪಸ್ಸು ಹೋಗುವುದು ಹೇಗೆ? "ಸರಿ, ಯಾವಾಗ ಎದ್ದಿರ್ತಾಳೆ ಅಂತನಾದ್ರೂ ಹೇಳು. ಆಗ್ಲೇ ಬಂದು ಮಾತಾಡ್ತೀವಿ."

ಅಕ್ಕ ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದಳು.

"ನಿಮ್ಮ ಮನೇಲಿ ಯಾರಿಗಾದ್ರೂ ನಡುರಾತ್ರಿ ಎದೆನೋವು ಬಂದ್ರೆ ಆಸ್ಪತ್ರೆಗೆ ಹೊತ್ಕೊಂಡು ಓಡ್ತೀರಲ್ಲ, ಆಗ ಎದ್ದಿರ್ತಾಳೆ. ಅಲ್ಲೇ ಹೇಳಿ, ಮನೆ ಖಾಲಿ ಮಾಡು ಅಂತ."