ಹೆಬ್ಬೆರಳು ಮೇಲೆಯೋ, ಕೆಳಗೆಯೋ

ಅಣ್ಣನ ಎಡಗಾಲಿನ ಚಪ್ಪಲಿ ವಿಲ್ಲಿಂಗ್ಡನ್ ಐಲ್ಯಾಂಡಿನ ಬೋಟ್ ಜೆಟ್ಟಿಯಲ್ಲೇ ಕಳಚಿ ಬಿದ್ದಿತ್ತು. ಅವನು ಹಾಗೆಯೇ ಕಚೇರಿಯವರೆಗೂ ನಡೆದಿದ್ದ; ಯಾರೋ ನಕ್ಕ ಮೇಲೆ ಗೊತ್ತಾದದ್ದು. ಪಾಲಾರಿವಟ್ಟಂನ ನಮ್ಮ ಬಾಡಿಗೆ ಮನೆಯಲ್ಲಿ ಅದನ್ನು ತಮಾಷೆಯಾಗಿ ಹೇಳಿದ. "ನಿನ್ನ ತಲೆ ಎಲ್ಲಿತ್ತು?" ಎಂದೆ. ತಲೆಗೇನೂ ಆಗಿರಲಿಲ್ಲ. ಸ್ಕ್ಯಾನಿನಲ್ಲಿ ಕಂಡದ್ದು ಬೆನ್ನುಹುರಿಯ ಒಳಗೇ ಬೆಳೆದಿದ್ದ ಗಡ್ಡೆ.

ಆಪರೇಷನ್ನಿಗೆ ತಿರುವನಂತಪುರಕ್ಕೆ ಹೋದೆವು. ಕಾಸರಗೋಡಿನಿಂದ ಅಮ್ಮ ಬಂದಳು. ನಾನು ಕಾನೂನು ಓದುವವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನ ಒಂದು ಸಡಿಲ ಪದ ಹಿಡಿದು ಎಳೆಯುವುದೇ ನನ್ನ ಕೆಲಸ. ಕಾಲಿನ ಬಲ ಪೂರ್ತಿ ಹೋಗುವುದು ಅಪರೂಪ ಎಂದು ಡಾಕ್ಟರ್ ಹೇಳಿದಾಗ, ಅಪರೂಪವೆಂದರೆ ಎಷ್ಟು, ಯಾರಲ್ಲಿ, ನೀವೇ ಆಪರೇಷನ್ ಮಾಡಿದವರಲ್ಲಿ ಎಷ್ಟು ಮಂದಿಗೆ ಎಂದು ಕೇಳುತ್ತಾ ಹೋದೆ.

"ಮಗಳೇ, ಇಂಥ ಗಡ್ಡೆಯೇ ಅಪರೂಪ. ಲೆಕ್ಕ ಹೇಳುವಷ್ಟು ನಾನೂ ನೋಡಿಲ್ಲ. ಹಾಗೇ ಬಿಟ್ಟರೆ ಮಾತ್ರ ಕಾಲು ಹೋಗುವುದು ಖಂಡಿತ," ಎಂದರು ಅವರು ಮಲಯಾಳದಲ್ಲಿ. ಎಳೆಯಲು ಸಡಿಲವಾದದ್ದೇನೂ ಅದರಲ್ಲಿರಲಿಲ್ಲ.

ಗಡ್ಡೆ ಪೂರ್ತಿ ಹೊರಬಂತು. ಮರುದಿನ ಬೆಳಿಗ್ಗೆ ಅದಿದ್ದ ಜಾಗದಲ್ಲಿ ರಕ್ತಸ್ರಾವವಾಯಿತು. ಮತ್ತೆ ತೆರೆದು ಹೆಪ್ಪು ತೆಗೆಯುವಷ್ಟರಲ್ಲಿ ಎರಡೂ ಕಾಲಿನ ಬಲ, ಅರಿವು ಹೋಗಿದ್ದವು.

ಕಾಲಿನ ಅರಿವು ಮರಳಿದರೆ ನಡೆಯುವ ಆಸೆ ಇಟ್ಟುಕೊಳ್ಳಬಹುದು ಎಂದರು ಡಾಕ್ಟರ್. ಅದಕ್ಕೊಂದು ಪರೀಕ್ಷೆ. ದಿನವೂ ಡಾಕ್ಟರ್ ಅವನ ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಎರಡೂ ಪಕ್ಕದಿಂದ ಹಿಡಿದು ಮೇಲಕ್ಕೋ ಕೆಳಕ್ಕೋ ಬಾಗಿಸುತ್ತಿದ್ದರು. ಯಾವ ಕಡೆಗೆಂದು ಅವನು ಹೇಳಬೇಕು. ಪ್ರತಿ ಸರಿಯುತ್ತರಕ್ಕೂ ಅಮ್ಮನ ಮುಖ ಅರಳುತ್ತಿತ್ತು. ಡಾಕ್ಟರ್ ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಿದ್ದರು, ಅವಳು ಊರಿಗೆ ಫೋನ್ ಮಾಡುತ್ತಿದ್ದಳು: "ಬೆರಳು ಗೊತ್ತಾಗ್ತದೆ ಅವನಿಗೆ. ಇನ್ನು ಕಾಲು ಬರ್ತದೆ."

ನನಗೆ ತಡೆಯಲಾಗಲಿಲ್ಲ. "ಇರುವುದೇ ಎರಡು ಉತ್ತರ ಅಮ್ಮ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ರೂ ಅರ್ಧ ಸರಿ ಆಗ್ತದೆ."

"ನಿನ್ನ ವಾದ ಕೋರ್ಟಿಗೆ ಇಟ್ಕೋ. ಅವ ನಿನ್ನ ಅಣ್ಣ, ಎದುರು ಪಾರ್ಟಿ ಅಲ್ಲ."

ಅಣ್ಣ ಕೇಳಿಸಿಕೊಂಡ. "ಏ ಲಾಯರೇ, ಹಾಗಾದ್ರೆ ನೀನೇ ಪರೀಕ್ಷೆ ಮಾಡು ಮಾರಾಯ್ತಿ. ಇವರೆಲ್ಲ ನನ್ನ ಮುಖ ನೋಡಿ ಸರಿ ಅಂತಾರೆ. ನೀನು ಸರಿ ಅಂದ್ರೆ ನಾನು ನಂಬ್ತೇನೆ."

ಕಣ್ಣು ಮುಚ್ಚಿದ. ಬೆರಳು ಬಾಗಿಸಿದೆ. ಕೆಲವು ಸರಿ ಹೇಳಿದ, ಕೆಲವು ತಪ್ಪಿದ. ಆಮೇಲೆ ಬೆರಳನ್ನು ಹಿಡಿದುಕೊಂಡೆ, ಅಷ್ಟೇ. ಏನೂ ಮಾಡಲಿಲ್ಲ.

"ಈಗ?"

ಹುಬ್ಬು ಗಂಟಿಕ್ಕಿ ತುಂಬ ಹೊತ್ತು ಯೋಚಿಸಿದ. "ಮೇಲೆ. ಚೂರೇ ಚೂರು. ಆದ್ರೆ ಈ ಸಲ ಗೊತ್ತಾಯ್ತು ನೋಡು, ನಿಜವಾಗಿ ಗೊತ್ತಾಯ್ತು." ಕಣ್ಣು ಮುಚ್ಚಿಯೇ ನಗುತ್ತಿದ್ದ. "ಸರಿಯಾ?"

ಸುಳ್ಳಾಗಿದ್ದರೆ ಹಿಡಿಯಬಹುದಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಕೈ ಅಲುಗದ್ದನ್ನು ಅವಳೂ ನೋಡಿದ್ದಳು.

"ಸರಿ ಮಗಾ," ಎಂದಳು. "ಮೇಲೆಯೇ."

ಮತ್ತೆ, ನನ್ನ ಕಡೆ ತಿರುಗದೆ, "ಇನ್ನೊಂದು ಸಲ ಕೇಳು" ಎಂದಳು.