ಟೋಪಿ ಮಾವನ ಕುರ್ಚಿ

ಸೈನ್ಯದವರಿಗೇ ಟೋಪಿ ಹಾಕಿ ಸಂಬಳ ತರುವ ಗಂಡಸು ಭೂಮಿಯ ಮೇಲೆ ಇವನೊಬ್ಬನೇ ಎಂದು ವಠಾರದವರು ಆಡಿಕೊಂಡು ನಗುತ್ತಿದ್ದರು. ಎದುರುಮನೆಯಾಕೆಯಂತೂ ಹೊಸಬರು ಬಂದರೆ, "ಅವರ ಮುಂದೆ ತಲೆ ಬಗ್ಗಿಸಬೇಡ್ರೀ, ಅಳತೆ ತೆಗೆದುಬಿಡ್ತಾರೆ" ಎಂದು ಎಚ್ಚರಿಸುತ್ತಿದ್ದಳು. ಚಿಕ್ಕವರಿಗೆ, ದೊಡ್ಡವರಿಗೆ, ಎಲ್ಲರಿಗೂ ಅವನು ಟೋಪಿ ಮಾವ.

ಹೆಲಿಕಾಪ್ಟರ್ ಪಡೆಯ ನೆಲೆಯಲ್ಲಿ, ಹಾರುವವರ ಹೆಲ್ಮೆಟ್ಟನ್ನು ಅವರವರ ತಲೆಗೆ ಕೂರಿಸಿಕೊಡುವುದು ಅವನ ಕೆಲಸ. ಒಳಗಿನ ಮೆತ್ತೆ ಕೆತ್ತಬೇಕು, ಗದ್ದದ ಪಟ್ಟಿ ಹೊಲಿಯಬೇಕು, ಮುಖಕ್ಕೆ ಅಡ್ಡ ಬರುವ ಪಾರದರ್ಶಕ ಕವಚದ ಮೇಲೆ ಒಂದು ಗೀರೂ ಬೀಳದಂತೆ ನೋಡಿಕೊಳ್ಳಬೇಕು. ಅವನ ಕೋಣೆಯಲ್ಲಿ ಯಾವುದೋ ಕ್ಷೌರದಂಗಡಿಯ ಹಳೆಯ ತಿರುಗುವ ಕುರ್ಚಿ ಇತ್ತು. ಬಂದವರು ಹೆಲ್ಮೆಟ್ ತೊಟ್ಟು ಅದರಲ್ಲಿ ಒಂದು ಗಂಟೆ ಕೂರಲೇಬೇಕು. ಟೀ ಕೊಡುತ್ತಿದ್ದ, ಕಥೆ ಹೇಳುತ್ತಿದ್ದ, ಎದ್ದು ಹೋಗಲು ಮಾತ್ರ ಬಿಡುತ್ತಿರಲಿಲ್ಲ. ಆಮೇಲೆ ಹೆಲ್ಮೆಟ್ ತೆಗೆಸಿ ಹಣೆ ನೋಡುವನು. ಉದ್ದಕ್ಕೂ ತೆಳುವಾಗಿ ಕೆಂಪು ಹರಡಿದ್ದರೆ ಸರಿ. ಒಂದೇ ಕಡೆ ಕೆಂಪಾಗಿದ್ದರೆ ಮೆತ್ತೆ ಅಲ್ಲಿ ಒತ್ತುತ್ತಿದೆ.

"ಇಷ್ಟಕ್ಕೆಲ್ಲ ಯಾಕೆ ಮಾವ ತಲೆ ಕೆಡಿಸ್ಕೋತೀರಿ?" ಎಂದು ಪೈಲಟ್ ಒಬ್ಬ ರೇಗಿಸಿದ.

"ನೋವಾದ್ರೆ ಮೇಲೆ ಹೋದ್ಮೇಲೆ ನೀನು ಪಟ್ಟಿ ಸಡಿಲ ಮಾಡ್ತೀಯ ಕಣಪ್ಪ. ಸಡಿಲವಾದ ಹೆಲ್ಮೆಟ್‌ಗೂ ತಲೆ ಮೇಲೆ ಕವುಚಿದ ಪಾತ್ರೆಗೂ ಏನು ವ್ಯತ್ಯಾಸ?"

ಮನೆಯಲ್ಲಿ ಹೆಂಡತಿಗೆ ಇವನ ಚಾಳಿ ಸಾಕುಸಾಕಾಗಿತ್ತು. "ಕುಕ್ಕರ್ ಮುಚ್ಚಳಾನೂ ಅಲ್ಲಾಡಿಸಿ ನೋಡ್ತಾರೆ ಈ ಮನುಷ್ಯ" ಎನ್ನುತ್ತಿದ್ದಳು.

ಇದ್ದ ಒಬ್ಬ ಮಗಳೂ ಅದೇ ಪಡೆ ಸೇರಿದಳು. ಹೆಲಿಕಾಪ್ಟರಿನ ಬಾಗಿಲಲ್ಲಿ ನಿಂತು, ಹಗ್ಗ ಇಳಿಬಿಟ್ಟು, ಗಾಯಗೊಂಡ ಸೈನಿಕರನ್ನು ಮೇಲಕ್ಕೆತ್ತಿಕೊಳ್ಳುವುದು ಅವಳ ಕೆಲಸ. ಅವಳ ಹೆಲ್ಮೆಟ್ಟನ್ನೂ ಅಪ್ಪನೇ ಕೂರಿಸಿದ್ದ. ಆಗ ಅವಳಿಗೆ ಮೋಡದಂಥ ಒತ್ತುಗೂದಲು. ಆ ದಪ್ಪವನ್ನೂ ಲೆಕ್ಕಕ್ಕೆ ಹಿಡಿದೇ ಮೆತ್ತೆ ಕೆತ್ತಿದ್ದ.

ಒಂದು ಭಾನುವಾರ ಮಗಳು ಹಾರಾಟ ಮುಗಿಸಿ ನೇರ ಊಟಕ್ಕೆ ಬಂದಳು. ಕತ್ತರಿಸಿಕೊಂಡ ಕೂದಲು ಕಿವಿಯ ಮೇಲಕ್ಕೆ ಏರಿತ್ತು. ತಾಯಿ ಗೊಳೋ ಎಂದಳು. ಅಪ್ಪ ಕೂದಲು ನೋಡಲಿಲ್ಲ, ಹಣೆ ನೋಡಿದ. ಎಡ ಹುಬ್ಬಿನ ಮೇಲೆ ಮಾತ್ರ ಒಂದು ಕೆಂಪು ಬೊಟ್ಟು.

"ಹೆಲ್ಮೆಟ್ ಒಳಗೇನು ಇಟ್ಟಿದ್ದೀಯ?"

"ಕರ್ಚೀಫು" ಎಂದಳು ಮಗಳು, ತಟ್ಟೆಯಿಂದ ತಲೆಯೆತ್ತದೆ. "ಮಡಚಿ ಇಟ್ಕೊಂಡ್ರೆ ಅಲ್ಲಾಡಲ್ಲ. ನಿಮ್ಮ ಕುರ್ಚೀಲಿ ಮತ್ತೆ ಬಂದು ಕೂತ್ರೆ ಅಪ್ಪನ ಮುದ್ದಿನ ಮಗಳು ಅಂತ ಎಲ್ಲರೂ ಆಡ್ಕೋತಾರಪ್ಪ."

ಮರುದಿನ ಟೋಪಿ ಮಾವ ಅವಳ ಹೆಲ್ಮೆಟ್ಟಿಗೆ ಕೆಂಪು ಚೀಟಿ ಕಟ್ಟಿದ. ಕೆಂಪು ಚೀಟಿ ಬಿದ್ದದ್ದನ್ನು ತೊಟ್ಟು ಹಾರುವಂತಿಲ್ಲ. ಮಗಳು ಆಸೆಯಿಂದ ಕಾದಿದ್ದ ಬೆಟ್ಟದ ಹಾರಾಟದ ಸರದಿ ಬೇರೆಯವರ ಪಾಲಾಯಿತು.

"ಎಲ್ಲರ ಮುಂದೆ ಮರ್ಯಾದೆ ತೆಗೆದ್ರಿ!" ಎಂದು ಕೆಂಡವಾದಳು.

"ಮರ್ಯಾದೆ ಹೋದ್ರೆ ಮತ್ತೆ ಸಂಪಾದಿಸ್ಬಹುದಮ್ಮ…" ಎಂದ. ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ.

ಅವಳು ಬಂದು ಕುರ್ಚಿಯಲ್ಲಿ ಕೂತಳು. ಕಥೆಯಿಲ್ಲ, ಟೀ ಆರಿಹೋಯಿತು. ಅವನು ಮೆತ್ತೆ ಕೆತ್ತಿದ, ಕೂರಿಸಿದ, ಹಣೆ ನೋಡಿ ಮತ್ತೆ ಕೆತ್ತಿದ. ಅಂದಿನಿಂದ ಮಗಳು ಮನೆಗೆ ಬರುವುದನ್ನೇ ಬಿಟ್ಟಳು. ಭಾನುವಾರಗಳಂದು ಅಪ್ಪ ಅವಳ ತಟ್ಟೆಯನ್ನೂ ಹಾಕಿಡುತ್ತಿದ್ದ, ಆದರೂ ಮಾಡಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಲಿಲ್ಲ.

ಕೊನೆಗೂ ಅವಳ ಸರದಿ ಬಂತು. ಬೆಟ್ಟದ ಮೇಲೆ ಹುಚ್ಚು ಗಾಳಿ. ಗಾಯಾಳುವಿಗೆಂದು ಇಳಿಬಿಟ್ಟ ಹಗ್ಗ ಬೀಸಿ ಬಂದು, ಅದರ ಕಬ್ಬಿಣದ ಕೊಕ್ಕೆ ಅವಳ ಮುಖಕ್ಕೇ ಅಪ್ಪಳಿಸಿತು. ಕವಚ ಅಡ್ಡಡ್ಡ ಬಿರಿಯಿತು. ಹೆಲ್ಮೆಟ್ ಕೂದಲೆಳೆಯಷ್ಟೂ ಜರುಗಲಿಲ್ಲ. ಅವಳು ಆ ಸೈನಿಕನನ್ನು ಮೇಲೆಳೆದುಕೊಂಡೇ ಹಿಂದಿರುಗಿದಳು.

ಸಂಜೆ ಮನೆಗೆ ಬಂದು ಬಿರುಕು ಬಿಟ್ಟ ಕವಚವನ್ನು ಮೇಜಿನ ಮೇಲಿಟ್ಟಳು. ತಾಯಿ ಅವಳ ಮುಖ ಹಿಡಿದು ಕಣ್ಣು, ಮೂಗು, ಹಲ್ಲು ಒಂದೊಂದನ್ನೇ ನೋಡಿದಳು. ಅಪ್ಪ ಬಿರುಕಿನ ಉದ್ದಕ್ಕೂ ಹೆಬ್ಬೆರಳು ಆಡಿಸುತ್ತ ಕೂತ.

"ಹೊಸದು ಹಾಕ್ಕೊಡಿ."

"ನಾಳೆ ಬಾ. ಸಾಲಲ್ಲಿ ನಿಂತ್ಕೋಬೇಕು."

"ನಿಂತ್ಕೋತೀನಿ. ಮೊದಲು ಊಟ ಹಾಕಿ."

ಅವನು ನಿವೃತ್ತನಾದಾಗ ಪಡೆಯವರು ಕೊಟ್ಟಿದ್ದ ಮನೆ ಖಾಲಿ ಮಾಡಬೇಕಾಯಿತು. ಸಾಮಾನಿನ ಲಾರಿಯಲ್ಲಿ ಹೆಂಡತಿ ಮುಂದೆ ಹೋದಳು. ಅಪ್ಪನನ್ನು ಕರೆದೊಯ್ಯಲು ಮಗಳು ಸ್ಕೂಟರ್ ತಂದಿದ್ದಳು, ಜೊತೆಗೆ ಹೊಸ ಹೆಲ್ಮೆಟ್. ತಾನೇ ತೊಡಿಸಿ, ಗದ್ದದ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದಳು.

"ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಒಂದು ಗಂಟೆ."

"ಲೇ, ಸ್ಕೂಟರಿಗೆಲ್ಲ…"

"ಟೀ ಸಿಗತ್ತೆ. ಕಥೆ ಹೇಳೋಕೆ ಮಾತ್ರ ನನಗೆ ಬರಲ್ಲ."

"ಅಂತೂ ಸಿಕ್ಕಿಬಿದ್ರಾ ಮಾವ?" ಎಂದು ನಗುತ್ತ ಎದುರುಮನೆಯಾಕೆ ಲೋಟ ಹಿಡಿದು ಬಂದಳು. ಅವನು ಗೊಣಗುತ್ತಲೇ ಕೂತ.

ಗಂಟೆ ಕಳೆಯಿತು. ಮಗಳು ಹೆಲ್ಮೆಟ್ ತೆಗೆದು, ಗದ್ದ ಹಿಡಿದು ಅವನ ಮುಖವನ್ನು ಬೆಳಕಿಗೆ ತಿರುಗಿಸಿ, ಹಣೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಹ್ಞೂಂ, ಹೊರಡಿ."

ಟೋಪಿ ಮಾವ ಹೆಲ್ಮೆಟ್ಟನ್ನು ಮತ್ತೆ ತೊಟ್ಟು ಪಟ್ಟಿ ಬಿಗಿದುಕೊಂಡ. ಬಾಗಿಲಿಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಮಗಳ ಹಿಂದೆ ಹತ್ತಿ ಕೂತ.