ಬೇಡ ಅನ್ನಲು ನೈರೋಬಿಗೆ

ಮುಂಬೈಯಲ್ಲಿ ವಿಮಾನ ಬದಲಿಸಿ ನೈರೋಬಿಯಲ್ಲಿ ಇಳಿಯುವಷ್ಟರಲ್ಲಿ ನನ್ನ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. 2016ರ ಜುಲೈ. ಆಫ್ರಿಕಾ ಅಂದರೆ ಸೆಕೆ ಎಂದು ನಂಬಿ ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟು ಬಂದಿದ್ದೆ. ಇಲ್ಲಿ ನೋಡಿದರೆ ಮೋಡ, ಚಳಿ. ಅಣ್ಣನ ಮಗಳು ಮೇಘಾ ತನ್ನ ಶಾಲು ಹೊದಿಸಿ ಟ್ಯಾಕ್ಸಿ ಹತ್ತಿಸಿದಳು. ಕಿಲಿಮಾನಿ ಬಡಾವಣೆಯ ಅವಳ ಫ್ಲ್ಯಾಟಿಗೆ ಸಾವಿರದ ಇನ್ನೂರು ಶಿಲಿಂಗ್. ದಾರಿಯುದ್ದಕ್ಕೂ ನಿದ್ದೆ ಮಾಡಿದೆ.

ನಾನು ಸಿಂಹ ನೋಡಲು ಬಂದವಳಲ್ಲ. ಬ್ಯಾಂಕಿನ ಪೋಸ್ಟಿಂಗ್ ಮೇಲೆ ಬಂದಿದ್ದ ಮೇಘಾ, ವೆಕೆಸಾ ಎಂಬ ಇಲ್ಲಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಅವನು ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಮದುವೆಗೆ ಅವರ ಸಭೆ ಒಪ್ಪಬೇಕು. ಯಾರಾದರೂ ತಕರಾರು ತೆಗೆದರೆ ಮಾತು ಮುಂದಿನ ತಿಂಗಳಿಗೆ. ಅಷ್ಟರಲ್ಲಿ ಅವಳ ಪೋಸ್ಟಿಂಗೇ ಮುಗಿಯುತ್ತಿತ್ತು. "ನೀನು ಹೋಗಿ ಬೇಡ ಅಂದು ಬಾ, ಸಾಕು" ಎಂದ ಅಣ್ಣ. ಅವನಿಗೆ ಡಾಕ್ಟರು ವಿಮಾನ ಹತ್ತಬೇಡಿ ಅಂದಿದ್ದರು. ನಮ್ಮ ಮನೆಯಲ್ಲಿ ಬೇಡ ಅನ್ನುವ ಕೆಲಸಕ್ಕೆಲ್ಲ ನನ್ನನ್ನೇ ಅಟ್ಟುವುದು: ಬಾಡಿಗೆದಾರರಿಗೆ, ಬೀಗರಿಗೆ, ಚಂದಾ ಕೇಳುವವರಿಗೆ. ನನಗೆ ಬಂದ ಒಂದು ಒಳ್ಳೆಯ ಸಂಬಂಧಕ್ಕೆ ಮಾತ್ರ ಅಣ್ಣನೇ ಬೇಡ ಅಂದ. ಆಗ ನಾನು ಸುಮ್ಮನಿದ್ದೆ. ಎಲ್ಲರೂ ಅದನ್ನೇ ಒಪ್ಪಿಗೆ ಅಂದುಕೊಂಡರು.

ಶನಿವಾರ ವೆಕೆಸಾ ಊಟಕ್ಕೆ ಬಂದ. ಇಂಡಸ್ಟ್ರಿಯಲ್ ಏರಿಯಾದ ಬಣ್ಣದ ಕಾರ್ಖಾನೆಯಲ್ಲಿ ಮ್ಯಾನೇಜರು; ಲಾರಿಗಳ ನಡುವೆ ಸಿಕ್ಕಿಕೊಂಡು ತಡವಾಗಿತ್ತು. ಬಂದವನೇ ಸೊಪ್ಪು ಹೆಚ್ಚಿ ಉಗಾಲಿ ತೊಳಸಿದ. ನಮ್ಮ ಮುದ್ದೆಗೆ ಬಿಳಿ ಬಣ್ಣ ಬಳಿದಂತಿತ್ತು. ಉಣ್ಣುತ್ತಾ ತನ್ನವರ ಕಥೆ ಹೇಳಿದ. ಸುಮಾರು ಮುನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಪುರೋಹಿತರು ಬೇಡ, ಆಣೆ ಬೇಡ, ಯುದ್ಧ ಬೇಡ, ದೊಡ್ಡವರ ಮುಂದೆ ಟೋಪಿ ತೆಗೆಯುವುದೂ ಬೇಡ ಎಂದು ಜೈಲು ಸೇರಿದ ಜನ. ಬೇಡ ಅನ್ನುವುದರಲ್ಲಿ ನನ್ನನ್ನೂ ಮೀರಿಸಿದವರು. ಕಳೆದ ಶತಮಾನದ ಆರಂಭದಲ್ಲಿ ಮೂವರು ಅಮೆರಿಕನ್ನರು, ನಮ್ಮ ದೇಶದ ಕೂಲಿಗಳು ಹಾಕಿದ ರೈಲಿನಲ್ಲೇ ಕೀನ್ಯಾದ ಪಶ್ಚಿಮಕ್ಕೆ ಹೋಗಿ ಪಂಥವನ್ನು ನೆಟ್ಟರಂತೆ. ಈಗ ಇಂಗ್ಲೆಂಡಿಗಿಂತ ಇಲ್ಲಿಯೇ ಅವರು ಹೆಚ್ಚು.

"ನಮ್ಮಣ್ಣ ಒಪ್ಪಲ್ಲ, ಗೊತ್ತೇನಪ್ಪಾ?" ಎಂದೆ.

"ಗೊತ್ತು ಆಂಟಿ."

"ಮತ್ತೆ ಸುಮ್ಮನೆ ರಿಜಿಸ್ಟರ್ ಮಾಡ್ಕೊಳ್ಳಿ."

"ನಿಮ್ಮನ್ನೆಲ್ಲ ಬಿಟ್ಟು ಯಾಕೆ?" ಎಂದು ಅವನು ನನ್ನ ಕಾಲಿನ ಕೆಳಗೆ ಒಂದು ಸ್ಟೂಲು ಸರಿಸಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ತ್ರಾಣವಿರಲಿಲ್ಲ.

ಭಾನುವಾರ ಅವರ ಪ್ರಾರ್ಥನೆಗೆ ಮಟಾಟುವಿನಲ್ಲಿ ಹೋದೆವು. ಆ ವ್ಯಾನಿನ ಹಾಡಿನ ಅಬ್ಬರಕ್ಕೆ ತಲೆ ಸಿಡಿಯಿತು. ಕ್ವೇಕರರು ಮೌನವಾಗಿ ಕೂರುವವರು ಎಂದು ಓದಿದ್ದೆ. ಇಲ್ಲಿ ಗಂಟೆಗಟ್ಟಲೆ ಹಾಡು, ಚಪ್ಪಾಳೆ. "ಇಲ್ಲಿ ಹಾಡೋದೇ ಜಾಸ್ತಿ ಅತ್ತೆ" ಎಂದಳು ಮೇಘಾ. ಚಹಾ ಆದ ಮೇಲೆ ಸಭೆ. ನಡೆಸಿದವರು ಒಬ್ಬ ನಿವೃತ್ತ ಟೀಚರು. ವೋಟು ಹಾಕುವ ಪದ್ಧತಿಯಿಲ್ಲ, ಎಲ್ಲರ ಮನಸ್ಸೂ ಒಂದಾಗುವ ತನಕ ಕಾಯುವುದು. ಮೊದಲು ಸೋರುವ ನೀರಿನ ಟ್ಯಾಂಕು, ಆಮೇಲೆ ಆಸ್ಪತ್ರೆಯಲ್ಲಿದ್ದ ಒಬ್ಬರಿಗೆ ಸರದಿಯ ಮೇಲೆ ಊಟ ಒಯ್ಯುವುದು, ಆಮೇಲೆ ಮೇಘಾ.

ಆಗ ಸಭಾಂಗಣವೆಲ್ಲ ಸ್ತಬ್ಧವಾಯಿತು. ನಾನು ಬಾಯಿ ಬಿಡುವುದು ಬೇಡ ಅಂದುಕೊಂಡೆ. ಸುಮ್ಮನಿದ್ದರೆ ಮದುವೆಗೆ ತಾನಾಗಿಯೇ ಒಪ್ಪಿಗೆ ಸಿಗುತ್ತದೆ, ಊರಿಗೆ ಹೋಗಿ ಅಣ್ಣನಿಗೆ ಏನೋ ಒಂದು ಹೇಳಿದರಾಯಿತು.

ಟೀಚರು ನನ್ನತ್ತ ನೋಡಿ ನಿಧಾನ ಇಂಗ್ಲಿಷಿನಲ್ಲಿ ಹೇಳಿದರು: "ಸುಮ್ಮನಿರೋದನ್ನ ನಾವು ಒಪ್ಪಿಗೆ ಅಂತ ತಗೊಳ್ಳೋದಿಲ್ಲ ಅಮ್ಮ. ನೀವು ಹೇಳಿ. ಕಾಯ್ತೀವಿ."

ಎದ್ದು ನಿಂತೆ. "ನಮ್ಮಣ್ಣ ಬೇಡ ಅಂದಿದ್ದಾನೆ." ಮೇಘಾ ತಲೆ ತಗ್ಗಿಸಿದಳು.

"ಅಣ್ಣನ ಮಾತು ಕೇಳಿಸಿತು. ನಿಮ್ಮದು?"

ಅರವತ್ತು ದಾಟಿದ್ದೇನೆ, ಯಾರೂ ಹಾಗೆ ಕೇಳಿರಲಿಲ್ಲ. ಅಳು ಬಂತು, ಇಷ್ಟು ತಡವಾಗಿ ಕೇಳಿದ್ದಕ್ಕೆ ಸಿಟ್ಟೂ ಬಂತು. ಯಾರೂ ಅವಸರ ಮಾಡಲಿಲ್ಲ. "ನನಗೆ ಒಪ್ಪಿಗೆ" ಎಂದೆ.

ಸಭೆ ಒಪ್ಪಿತು. ಆದರೆ ಮೇಘಾಳ ತಂದೆಯ ಜೊತೆ ಯಾರು ಮಾತಾಡುತ್ತೀರಿ ಎಂದು ಟೀಚರು ಕೇಳಿದರು. ಅದಕ್ಕೂ ನಾನೇ.

ಸೋಮವಾರ ವಿಮಾನ ನಿಲ್ದಾಣದಿಂದ ಫೋನು ಮಾಡಿದೆ.

"ಬೇಡ ಅಂದ್ಯಾ?" ಎಂದ ಅಣ್ಣ.

"ನೀನು ಬೇಡ ಅಂದಿದ್ದನ್ನ ಹೇಳ್ದೆ. ಆಮೇಲೆ ನನ್ನ ಕೇಳಿದ್ರು. ನಾನು ಒಪ್ಪಿದೆ."

ಅಣ್ಣ ಸುಮ್ಮನಾದ. ಹಿಂದೆಲ್ಲ ಇಂಥ ಹೊತ್ತಿನಲ್ಲಿ, ಬಂದ ಮೇಲೆ ಮಾತಾಡೋಣ ಎಂದು ಫೋನಿಟ್ಟುಬಿಡುತ್ತಿದ್ದೆ.

"ಹೇಳಣ್ಣ, ಕಾಯ್ತೀನಿ" ಎಂದೆ.

ಗೇಟಿನ ಮುಂದೆ ಜನ ಸಾಲುಗಟ್ಟಿದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತೇ ಇದ್ದೆ.